ಎಡಿಟ್ ಮುಗೀತಾ? ಒಮ್ಮೆ ಮ್ಯೂಟ್ ಮಾಡಿ ನೋಡಿ

ಕಿರುಚಿತ್ರ, ಅಂಗಡಿ ಜಾಹೀರಾತು ಮಾಡುವವರಿಗೆ ಒಂದು ಸಣ್ಣ ಸಲಹೆ. ಎಡಿಟ್ ಮುಗಿದ ಮೇಲೆ ಶಬ್ದ ಪೂರ್ತಿ ತೆಗೆದು, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಏನಾಯಿತು ಅಂತ ಅವರೇ ಹೇಳಲಿ. ನೀವು ಮಧ್ಯೆ ಬಾಯಿ ಹಾಕಬೇಡಿ!

ನಾನು ಒಂದು ಬೇಕರಿಗೆ ಮಾಡಿದ ವಿಡಿಯೊವನ್ನು ಹೀಗೇ ಅಕ್ಕನ ಮಗನಿಗೆ ತೋರಿಸಿದೆ. "ಇಬ್ಬರೂ ಯಾಕೆ ಜಗಳ ಆಡ್ತಿದ್ದಾರೆ ಮಾಮ?" ಅಂದ. ಅದು ತಮಾಷೆಯ ದೃಶ್ಯ! ಪೂರ್ತಿ ಮಾತಿನ ಮೇಲೇ ನಿಂತಿತ್ತು. ಕೊನೆಗೆ, ಅಜ್ಜ ಬನ್ ಮುರಿದು ಅರ್ಧ ಕೊಡುವ ಕೈಯ ಕ್ಲೋಸಪ್ ಒಂದನ್ನು ಸೇರಿಸಿದೆ. ನಾಲ್ಕು ಸಾಲು ಸಂಭಾಷಣೆ ಹೊರಗೆ ಹೋಯಿತು.

2009ರ ಐಪಿಎಲ್ ಹೊತ್ತಿಗೆ ಬಂದ ವೊಡಾಫೋನ್ ಮೊಬೈಲ್ ಜಾಹೀರಾತಿನ ಜೂಜೂಗಳು, ಆ ಬಿಳಿ ಗೊಂಬೆಯಂಥ ಪಾತ್ರಗಳು, ನೆನಪಿವೆ ಅಲ್ವಾ? ಚಿತ್ರೀಕರಿಸಿದ್ದು ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ಅವು ಆಡುತ್ತಿದ್ದ ಮಾತಿಗೆ ಅರ್ಥವೇ ಇಲ್ಲ, ಆದರೂ ಮನೆಮಂದಿಗೆಲ್ಲ ವಿಷಯ ತಿಳಿಯುತ್ತಿತ್ತು. ಅದು ಆ್ಯನಿಮೇಷನ್ ಅಲ್ಲ, ಬಿಳಿ ಉಡುಪಿನೊಳಗೆ ಇದ್ದದ್ದು ಮನುಷ್ಯರೇ. (ನಾನೂ ಮೋಸ ಹೋಗಿದ್ದೆ.) ಸೆಕೆಂಡಿಗೆ ಮಾಮೂಲಿ 24 ಫ್ರೇಮ್ (ಬಿಡಿ ಚಿತ್ರ) ತೆಗೆಯುವ ಬದಲು 20 ಫ್ರೇಮ್‌ನಂತೆ ಚಿತ್ರೀಕರಿಸಿದ್ದರಿಂದ ನಡೆ ಗೊಂಬೆಯ ಹಾಗೆ ಚುರುಕಾಗಿ ಕಾಣುತ್ತಿತ್ತು.

ಮೊಬೈಲಿನಲ್ಲಿ ಮಾಡುವವರು ಎಡಿಟಿಂಗ್ ಆ್ಯಪ್‌ನಲ್ಲಿ ವೇಗವನ್ನು 1.2ಕ್ಕೆ ಇಟ್ಟು ನೋಡಿ, ಹೆಚ್ಚುಕಡಿಮೆ ಅದೇ ಗುಣ ಬರುತ್ತದೆ. ತುಂಬಾ ಜಾಸ್ತಿ ಮಾಡಿದರೆ ಸುಮ್ನೆ ಹಳೇ ಮೂಕಿ ಚಿತ್ರದ ಓಟವಾಗುತ್ತದೆ. ಮ್ಯೂಟ್ ಮಾಡಿ ನೋಡಿದವರು ಏನು ಹೇಳಿದರು ಅಂತ ಇಲ್ಲೇ ಹಾಕಿ.