ಚೈನ್ ಸಾ ಸೈಲೆನ್ಸರ್‌ಗೆ ತೂತು ಹಾಕುವ ಮುನ್ನ ಎಚ್ ಸ್ಕ್ರೂ ತಿರುಗುತ್ತದಾ ನೋಡಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಕಾಲುವೆ ದಂಡೆಯ ಬಳ್ಳಾರಿ ಜಾಲಿ ಕಡಿಯುವವರು ಈಗ ಕೊಡಲಿಯ ಜೊತೆಗೆ ಚೈನ್ ಸಾ ಕೂಡ ಇಟ್ಟುಕೊಂಡಿರುತ್ತಾರೆ. ಜಾಲಿ ಗಟ್ಟಿ ಮರ. ದಪ್ಪ ಬೊಡ್ಡೆಗೆ ಹಚ್ಚಿದಾಗ ಮೆಷಿನ್ ಏದುತ್ತದೆ. ಆಗ ಪಕ್ಕದಲ್ಲಿದ್ದವರು ಯಾರೋ ಹೇಳುತ್ತಾರೆ: 'ಸೈಲೆನ್ಸರ್‌ಗೆ ಇನ್ನೊಂದು ತೂತು ಹಾಕ್ಸಣ್ಣ, ಪಿಕಪ್ ಬರ್ತೈತಿ.'

ಮಾತು ಸುಳ್ಳಲ್ಲ. ಪಿಕಪ್ ಬರುತ್ತದೆ. ಆದರೆ ತೂತು ಹಾಕಿ ಅಷ್ಟಕ್ಕೇ ಬಿಟ್ಟ ಮೆಷಿನ್‌ಗಳು ಪಿಸ್ಟನ್ ಜಾಮ್ ಆಗಿ ರಿಪೇರಿಗೆ ಬರುವುದನ್ನು ನೋಡಿ ನೋಡಿ ಬೇಸರವಾಗಿದೆ. ಡ್ರಿಲ್ ಹಿಡಿಯಲು ಎಲ್ಲರಿಗೂ ಬರುತ್ತದೆ. ಅದರ ನಂತರ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಸರಿ ಮಾಡಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಚೈನ್ ಸಾ ಇಂಜಿನ್ ಟೂ ಸ್ಟ್ರೋಕ್. ಸುಟ್ಟ ಹೊಗೆ ಹೊರಗೆ ಹೋಗುವುದೂ ಹೊಸ ಗಾಳಿ, ಪೆಟ್ರೋಲ್ ಒಳಗೆ ಬರುವುದೂ ಹೆಚ್ಚುಕಮ್ಮಿ ಒಟ್ಟಿಗೇ ನಡೆಯುತ್ತದೆ. ಸದ್ದು ಮತ್ತು ಹೊಗೆ ಕಮ್ಮಿ ಇರಲಿ ಅಂತ ಕಂಪನಿಯವರು ಸೈಲೆನ್ಸರ್ ಬಾಯಿಯನ್ನು ಸಣ್ಣದಾಗಿ ಇಟ್ಟಿರುತ್ತಾರೆ. ಹಾಗಾಗಿ ಸ್ವಲ್ಪ ಹೊಗೆ ಸಿಲಿಂಡರ್‌ನಲ್ಲೇ ಉಳಿಯುತ್ತದೆ. ಬಾಯಿ ಅಗಲ ಮಾಡಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಗಾಳಿ ಜಾಸ್ತಿ ಬರುತ್ತದೆ. ಗಾಳಿ ಜಾಸ್ತಿಯಾದರೆ ಅದಕ್ಕೆ ತಕ್ಕಂತೆ ಪೆಟ್ರೋಲನ್ನೂ ನೀವು ಜಾಸ್ತಿ ಕೊಡಬೇಕು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿಯಾದರೆ ಒಂದು ಕಡೆ ಶಾಖ ಏರುತ್ತದೆ, ಇನ್ನೊಂದು ಕಡೆ ಪಿಸ್ಟನ್‌ಗೆ ಸಿಗುವ ಆಯಿಲ್ ಇಳಿಯುತ್ತದೆ. ಪಿಸ್ಟನ್ ಗೀಚಿಕೊಂಡು ಜಾಮ್ ಆಗುವುದು ಹೀಗೆ.

ಯಾವ ಮೆಷಿನ್‌ಗೆ ಮಾಡಬಾರದು

ವಾರಂಟಿ ಇನ್ನೂ ಇರುವ ಮೆಷಿನ್ ಮುಟ್ಟಬೇಡಿ. ಕೊಂಬೆ ಸವರುವ 25 ಸಿಸಿ ಮೆಷಿನ್‌ಗೆ ಮಾಡಿದರೆ ಸದ್ದು ಬಿಟ್ಟು ಬೇರೇನೂ ಸಿಗುವುದಿಲ್ಲ. ನನ್ನ ಪ್ರಕಾರ 45 ಸಿಸಿಗಿಂತ ಕೆಳಗಿನದಕ್ಕೆ ಈ ಕೆಲಸವೇ ಬೇಡ. ಎಚ್ ಸ್ಕ್ರೂ (ಪೂರ್ತಿ ರೇಸ್‌ನಲ್ಲಿ ಪೆಟ್ರೋಲ್ ಹೆಚ್ಚುಕಮ್ಮಿ ಮಾಡುವ ಸ್ಕ್ರೂ) ಇಲ್ಲದ, ಒಂದೇ ಅಳತೆಯ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಕೂರಿಸಿದ ಕಾರ್ಬೊರೇಟರ್ ಇದ್ದರಂತೂ ಇಲ್ಲಿಗೇ ನಿಲ್ಲಿಸಿ. ಪೆಟ್ರೋಲ್ ಜಾಸ್ತಿ ಮಾಡುವ ದಾರಿಯೇ ಅದರಲ್ಲಿಲ್ಲ. ಕಂಪ್ಯೂಟರ್ ಚಿಪ್ ಇರುವ ದುಬಾರಿ ಮೆಷಿನ್‌ಗಳು ಒಂದು ಮಿತಿಯೊಳಗೆ ತಾವೇ ಸರಿಮಾಡಿಕೊಳ್ಳುತ್ತವೆ. ಅವುಗಳ ಮಾತು ಬೇರೆ.

ಇನ್ನೊಂದು ವಿಷಯ. ಚೈನ್ ಮೊಂಡಾಗಿದ್ದರೆ ಸೈಲೆನ್ಸರ್ ಬಿಚ್ಚಬೇಡಿ. ನಮ್ಮ ಕಡೆ ಜಾಲಿ ತೊಗಟೆಯಲ್ಲಿ ಧೂಳು, ಮರಳು ತುಂಬಿರುತ್ತದೆ. ಬುಡಕ್ಕೆ ಹಚ್ಚಿ ಕೊಯ್ದರೆ ಹಲ್ಲು ಬೇಗ ಹೋಗುತ್ತದೆ. 'ಶಕ್ತಿ ಇಲ್ಲ' ಅಂತ ತಂದ ಎಷ್ಟೋ ಮೆಷಿನ್‌ಗಳಿಗೆ ಬೇಕಾಗಿದ್ದು ದುಂಡನೆಯ ಅರದಿಂದ ಹಲ್ಲು ಮಸೆಯುವುದು ಮತ್ತು ಏರ್ ಫಿಲ್ಟರ್ ತೊಳೆಯುವುದು, ಅಷ್ಟೇ. ಸೈಲೆನ್ಸರ್ ಜಾಲರಿಯಲ್ಲಿ ಮಸಿ ಕಟ್ಟಿದ್ದರೂ ಮೆಷಿನ್ ಏದುತ್ತದೆ. ಜಾಲರಿ ತೆಗೆದು ತಂತಿ ಬ್ರಷ್‌ನಿಂದ ಉಜ್ಜಿ ಹಾಕಿ, ಒಂದು ದಿನ ಕೆಲಸ ಮಾಡಿ ನೋಡಿ. ಇಷ್ಟರಲ್ಲೇ ಸರಿಹೋದರೆ ಡ್ರಿಲ್ ತೆಗೆಯುವ ಅಗತ್ಯವೇ ಇಲ್ಲ.

ಬಿಚ್ಚುವುದು, ಅಳೆಯುವುದು, ಕೊರೆಯುವುದು

ಮೆಷಿನ್ ಪೂರ್ತಿ ತಣ್ಣಗಾಗಲಿ. ಬಾರ್, ಚೈನ್, ಪ್ಲಗ್ ವೈರ್ ತೆಗೆಯಿರಿ. ಸೈಲೆನ್ಸರ್ ಬೋಲ್ಟ್‌ಗಳಿಗೆ ಅಲೆನ್ ಕೀ ಬೇಕು, ಸ್ಟಿಲ್ ಮೆಷಿನ್ ಆದರೆ ಟಿ27 ಅಳತೆಯ ನಕ್ಷತ್ರದ ಕೀ. ಗ್ಯಾಸ್ಕೆಟ್ ಹರಿಯದಂತೆ ಬಿಡಿಸಿ. ಹರಿದರೆ ಹೊಸದು ಹಾಕಿ.

ಸೈಲೆನ್ಸರ್ ಕೈಗೆ ಬಂದ ತಕ್ಷಣ ಸಿಲಿಂಡರ್‌ನ ಹೊಗೆ ಬಾಯಿಗೆ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ನುಣ್ಣಗಿದ್ದರೆ ಸರಿ. ಉದ್ದುದ್ದ ಗೀರುಗಳಿದ್ದರೆ ಆ ಮೆಷಿನ್‌ಗೆ ಆಗಲೇ ಏಟು ಬಿದ್ದಿದೆ ಅಂತ ಅರ್ಥ. ಅದರ ಕಾರಣ ಹುಡುಕದೆ ಮುಂದೆ ಹೋಗಬೇಡಿ. ಗೀರು ಇಲ್ಲದಿದ್ದರೆ ಹಗ್ಗ ನಿಧಾನ ಎಳೆದು ಪಿಸ್ಟನ್ ಮೇಲೆ ತಂದು ಆ ಬಾಯಿ ಮುಚ್ಚಿಸಿ, ಮೇಲೆ ಬಟ್ಟೆ ತುರುಕಿ. ಕೊನೆಗೆ ತೆಗೆಯುವುದು ನೆನಪಿರಲಿ ಅಂತ ಕೆಂಪು ಬಟ್ಟೆಯನ್ನೇ ಇಡಿ.

ಎಷ್ಟು ತೂತು ಬೇಕು? ಲೆಕ್ಕವಿಲ್ಲದೆ ಕೊರೆಯುವುದೇ ಇಲ್ಲಿ ನಡೆಯುವ ತಪ್ಪು. ಸೈಲೆನ್ಸರ್ ಹೊರಬಾಯಿಯ ಒಟ್ಟು ಅಳತೆ ಸಿಲಿಂಡರ್ ಹೊಗೆ ಬಾಯಿಯ ಶೇ. 80ರ ಒಳಗಿರಲಿ. ಮೆಕ್ಯಾನಿಕ್‌ಗಳು ರೂಢಿಯಿಂದ ಪಾಲಿಸುವ ಲೆಕ್ಕ ಇದು. ಉದಾಹರಣೆಗೆ, ಹೊಗೆ ಬಾಯಿ 30 ಮಿ.ಮೀ. ಅಗಲ, 15 ಮಿ.ಮೀ. ಎತ್ತರ ಇದೆ ಅಂದುಕೊಳ್ಳಿ. ಅಂದರೆ 450 ಚದರ ಮಿ.ಮೀ. ಇದರ ಶೇ. 80 ಅಂದರೆ 360. ಈಗ ಇರುವ ಹೊರಬಾಯಿ 15 ಮಿ.ಮೀ. ದುಂಡು ತೂತಾದರೆ ಅದರ ಅಳತೆ ಸುಮಾರು 177. ಅಷ್ಟೇ ದೊಡ್ಡ ಇನ್ನೊಂದು ತೂತು ಹಾಕಿದರೆ ಸುಮಾರು 353 ಆಗುತ್ತದೆ. ಅಲ್ಲಿಗೆ ಸಾಕು. ಇನ್ನೂ ದೊಡ್ಡದು ಮಾಡಿದರೆ ಹೊಸ ಪೆಟ್ರೋಲೂ ಸುಡದೆ ಹೊರಗೆ ಹೋಗುತ್ತದೆ, ಶಕ್ತಿ ವಾಪಸ್ ಇಳಿಯುತ್ತದೆ. ಸೈಲೆನ್ಸರ್ ಒಳಗಿನ ತಗಡನ್ನೆಲ್ಲ ಕಿತ್ತು ಬರೀ ಡಬ್ಬಿ ಮಾಡಿಕೊಡುವವರಿದ್ದಾರೆ. ಅವರ ಹತ್ತಿರ ಹೋಗಬೇಡಿ.

ತೂತಿನ ದಿಕ್ಕು ಮುಖ್ಯ. ಅಲ್ಲಿಂದ ಬರುವ ಹೊಗೆ ಪ್ಲಾಸ್ಟಿಕ್ ಕವರ್ ಕರಗಿಸುವಷ್ಟು ಬಿಸಿ ಇರುತ್ತದೆ. ಕವರ್, ಆಯಿಲ್ ಟ್ಯಾಂಕ್, ನಿಮ್ಮ ಕೈ, ಯಾವುದರ ಕಡೆಗೂ ಬೇಡ. ಹಳೆ ಬಾಯಿ ಯಾವ ಕಡೆ ಇದೆಯೋ ಅದೇ ಕಡೆ ಇಡಿ. ಸೆಂಟರ್ ಪಂಚ್ ಹೊಡೆದು, ಸಣ್ಣ ಬಿಟ್‌ನಿಂದ ಶುರು ಮಾಡಿ, ಮೆಟ್ಟಿಲು ಆಕಾರದ ಸ್ಟೆಪ್ ಬಿಟ್‌ನಿಂದ ಅಗಲ ಮಾಡಿ. ಅರದಿಂದ ಅಂಚು ಉಜ್ಜಿ.

ಕೊರೆದ ಚೂರುಗಳ ಬಗ್ಗೆ ಹುಷಾರು. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್‌ನಿಂದ ಸಿಲಿಂಡರ್ ಕಡೆಗೆ ಒತ್ತಡದ ಅಲೆ ವಾಪಸ್ ಬರುತ್ತದೆ. ಒಳಗೆ ಉಳಿದ ಒಂದು ಕಬ್ಬಿಣದ ಚೂರು ಸಾಕು ಪಿಸ್ಟನ್ ಹಾಳು ಮಾಡಲು. ಡೀಸೆಲ್‌ನಲ್ಲಿ ಅದ್ದಿ, ತಟ್ಟಿ, ಪಂಕ್ಚರ್ ಅಂಗಡಿಯ ಗಾಳಿ ಹಿಡಿದು ಊದಿಸಿ. ಅಲುಗಾಡಿಸಿದಾಗ ಒಳಗೆ ಸಣ್ಣ ಸದ್ದೂ ಬರಬಾರದು.

ಹೊಸ ತೂತಿಗೂ ಸ್ಟೀಲ್ ಜಾಲರಿ ಹಾಕಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಹೊಲದ ಬದುವಿನ ಹುಲ್ಲು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಜಾಲರಿ ಇಲ್ಲದ ಸೈಲೆನ್ಸರ್‌ನಿಂದ ಹಾರುವ ಒಂದು ಕಿಡಿ ಪಕ್ಕದವರ ಬಣವೆಗೂ ಹೋಗಬಹುದು. ಜಾಲರಿ ಹಿಡಿಸಲು ತಗಡಿನ ಪಟ್ಟಿ ಇಟ್ಟು ಸ್ಕ್ರೂ ಹಾಕಿ, ಇಲ್ಲವೇ ಗ್ಯಾಸ್‌ನಲ್ಲಿ ಹಿತ್ತಾಳೆ ಬೆಸುಗೆ ಮಾಡಿಸಿ. ಎರಡು ಉಂಡೆ ಕಲಸಿ ಮೆತ್ತುವ ಅಂಟು ಈ ಶಾಖಕ್ಕೆ ನಿಲ್ಲುವುದಿಲ್ಲ, ಉದುರುತ್ತದೆ. ಬೋಲ್ಟ್ ಸಡಿಲವಾಗದಿರಲಿ ಅಂತ ಹಚ್ಚುವ ಸಾಮಾನ್ಯ ಲಾಕ್ ಅಂಟೂ ಸುಮಾರು 150 ಡಿಗ್ರಿಗೆ ಹಿಡಿತ ಬಿಡುತ್ತದೆ. ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿ. ಬಟ್ಟೆ ತೆಗೆದಿರಾ? ಈಗ ಜೋಡಿಸಿ.

ಎಚ್ ಸ್ಕ್ರೂ: ನಿಧಾನ ಮಾಡಬೇಕಾದ ಜಾಗ

ಕಾರ್ಬೊರೇಟರ್ ಪಕ್ಕದಲ್ಲಿ ಮೂರು ಸ್ಕ್ರೂ ಕಾಣುತ್ತವೆ. ಎಲ್ ಅಂದರೆ ನಿಧಾನ ಓಟದ ಪೆಟ್ರೋಲ್. ಎಚ್ ಅಂದರೆ ಪೂರ್ತಿ ರೇಸ್‌ನ ಪೆಟ್ರೋಲ್. ಟಿ ಅಥವಾ ಎಲ್‌ಎ ಅಂತ ಬರೆದಿದ್ದು ಐಡ್ಲಿಂಗ್, ಅಂದರೆ ರೇಸ್ ಕೊಡದಿರುವಾಗಿನ ಸ್ಪೀಡ್. ಎಲ್ ಮತ್ತು ಎಚ್ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಎಡಕ್ಕೆ ತಿರುಗಿಸಿದರೆ ಜಾಸ್ತಿ. ಕೆಲವದರ ಮೇಲೆ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಸ್ವಲ್ಪವೇ ತಿರುಗಲು ಬಿಡುತ್ತದೆ. ಅದನ್ನು ತೆಗೆಯದೆ ಈ ಕೆಲಸ ಆಗದು. ಸ್ಕ್ರೂ ತಲೆ ವಿಚಿತ್ರ ಆಕಾರದ್ದಾದರೆ ಅದಕ್ಕೆ ಸಿಗುವ ಡ್ರೈವರ್ ಸೆಟ್ಟನ್ನೇ ಕೊಳ್ಳಿ, ಕಟಿಂಗ್ ಪ್ಲೇಯರ್‌ನಿಂದ ತಿರುಚಬೇಡಿ.

ಮೊದಲು ಈಗಿನ ಸ್ಥಾನ ಬರೆದಿಟ್ಟುಕೊಳ್ಳಿ. ಎಚ್ ಸ್ಕ್ರೂ ಬಲಕ್ಕೆ ತಿರುಗಿಸುತ್ತಾ ಎಷ್ಟು ಸುತ್ತು ಆಯಿತು ಅಂತ ಎಣಿಸಿ. ತಳ ಮುಟ್ಟಿದ್ದು ಬೆರಳಿಗೆ ಗೊತ್ತಾದ ತಕ್ಷಣ ನಿಲ್ಲಿಸಿ. ಒತ್ತಿ ಬಿಗಿ ಮಾಡಿದರೆ ಒಳಗಿನ ಕೂರುವ ಜಾಗ ಕೆಟ್ಟು ಕಾರ್ಬೊರೇಟರ್ ಹಾಳಾಗುತ್ತದೆ. ಈಗ ಎಣಿಸಿದಷ್ಟೇ ಸುತ್ತು ಎಡಕ್ಕೆ ತಂದು, ಅದರ ಮೇಲೆ ಇನ್ನೂ ಕಾಲು ಸುತ್ತು ಬಿಡಿ. ಮೆಷಿನ್ ಮೊದಲ ಬಾರಿ ಚಾಲೂ ಮಾಡುವ ಮುಂಚೆಯೇ ಇದನ್ನು ಮಾಡಬೇಕು. 'ಒಂದ್ಸಲ ಸದ್ದು ಕೇಳೋಣ' ಅಂತ ಹಳೆ ಸೆಟ್ಟಿಂಗ್‌ನಲ್ಲೇ ಪೂರ್ತಿ ರೇಸ್ ಕೊಡುವುದು ಬೇಡವೇ ಬೇಡ.

ಫಿಲ್ಟರ್ ಶುದ್ಧವಾಗಿರಲಿ, ಪೆಟ್ರೋಲ್ ಹೊಸದಿರಲಿ, ಬಾರ್ ಮತ್ತು ಚೈನ್ ಹಾಕಿರಲಿ. ಎರಡು ನಿಮಿಷ ಓಡಿಸಿ ಬಿಸಿ ಮಾಡಿ. ಎಲ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಅತಿ ಜೋರಾಗುವ ಜಾಗ ಹುಡುಕಿ, ಅಲ್ಲಿಂದ ಚೂರು ಎಡಕ್ಕೆ ತನ್ನಿ. ರೇಸ್ ಕೊಟ್ಟಾಗ ಮುಗ್ಗರಿಸದೆ ಏರಬೇಕು. ಐಡ್ಲಿಂಗ್‌ನಲ್ಲಿ ಚೈನ್ ತಿರುಗಬಾರದು. ತಿರುಗಿದರೆ ಟಿ ಸ್ಕ್ರೂ ಇಳಿಸಿ. ರೇಸ್ ಬಿಟ್ಟ ಮೇಲೂ ಸ್ಪೀಡ್ ಬೇಗ ಇಳಿಯದಿದ್ದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್, ಕ್ರ್ಯಾಂಕ್ ಸೀಲ್ ನೋಡಿಸಿ. ಸೋರಿಕೆ ಇರುವ ಮೆಷಿನ್‌ಗೆ ಟ್ಯೂನಿಂಗ್ ನಿಲ್ಲುವುದಿಲ್ಲ.

ಈಗ ಎಚ್. ಚೈನ್ ಗಾಳಿಯಲ್ಲಿರುವಾಗ ಪೂರ್ತಿ ರೇಸ್ ಕೊಡಿ, ಎರಡು ಮೂರು ಸೆಕೆಂಡ್ ಮಾತ್ರ. ಕಿವಿಗೊಟ್ಟು ಕೇಳಿ. ಸದ್ದು ಒಡೆದಂತೆ, ಗೊರಗೊರ ಅನ್ನಬೇಕು. ಪೆಟ್ರೋಲ್ ಸ್ವಲ್ಪ ಜಾಸ್ತಿ ಇರುವುದರಿಂದ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿಯುವ ಸದ್ದು ಅದು. ಮೆಷಿನ್‌ಗೆ ಅದೇ ರಕ್ಷಣೆ. ಮರಕ್ಕೆ ಹಚ್ಚಿದಾಗ ಆ ಗೊರಗೊರ ಹೋಗಿ ಸದ್ದು ನುಣುಪಾಗಬೇಕು. ಕೊಯ್ಯುತ್ತಿರುವಾಗಲೇ ಮೆಷಿನ್ ಸ್ವಲ್ಪ ಮೇಲೆತ್ತಿದರೆ ಗೊರಗೊರ ವಾಪಸ್ ಬರಬೇಕು. ಹೀಗಾದರೆ ನಿಮ್ಮ ಎಚ್ ಸರಿಯಾಗಿದೆ. ಮರದಲ್ಲಿ ಇದ್ದಾಗಲೂ ಗೊರಗೊರ ಅಂದರೆ ಪೆಟ್ರೋಲ್ ಜಾಸ್ತಿ. ಸುತ್ತಿನ ಎಂಟನೇ ಒಂದು ಪಾಲು ಬಲಕ್ಕೆ ತಿರುಗಿಸಿ ಮತ್ತೆ ಕೊಯ್ದು ನೋಡಿ.

ಮೋಸ ಹೋಗುವ ಜಾಗ ಇಲ್ಲಿದೆ. ಎಚ್ ಬಲಕ್ಕೆ ತಿರುಗಿಸಿದಷ್ಟೂ ಮೆಷಿನ್ ಚೂಪಾಗಿ ಕೂಗುತ್ತದೆ, ಹಗುರವಾಗಿ ಏರುತ್ತದೆ, ಹೊಗೆ ಕಮ್ಮಿ ಬಿಡುತ್ತದೆ. ನೋಡುವವರಿಗೆ ಖುಷಿ. 'ಏನ್ ಪಿಕಪ್ ಅಣ್ಣ!' ಅನ್ನುತ್ತಾರೆ. ಅದು ಪಿಕಪ್ ಅಲ್ಲ, ಪೆಟ್ರೋಲ್ ಇಲ್ಲದೆ ಒಣಗಿ ಓಡುತ್ತಿರುವ ಇಂಜಿನ್. ಪೂರ್ತಿ ರೇಸ್‌ನಲ್ಲಿ ಸೀಟಿಯಂತೆ ಕೂಗಿದರೆ ತಕ್ಷಣ ರೇಸ್ ಬಿಡಿ, ಎಚ್ ಎಡಕ್ಕೆ ತನ್ನಿ.

ಕೆಲವು ಮೆಷಿನ್‌ಗಳಲ್ಲಿ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ನಲ್ಲೇ ಸ್ಪೀಡ್ ಮಿತಿ ಇರುತ್ತದೆ. ಮಿತಿ ಮುಟ್ಟಿದಾಗ ಕಿಡಿ ಬಿಟ್ಟು ಬಿಟ್ಟು ಬರುತ್ತದೆ. ಆ ಸದ್ದೂ ಗೊರಗೊರದಂತೆಯೇ ಕೇಳಿಸುತ್ತದೆ, ಅನುಭವ ಇದ್ದವರೂ ಇದರಲ್ಲಿ ಎಡವುತ್ತಾರೆ. ಅದಕ್ಕೇ ಪ್ಲಗ್ ವೈರ್‌ಗೆ ಸುತ್ತುವ ಟ್ಯಾಕೋಮೀಟರ್ (ಇಂಜಿನ್ ಸುತ್ತು ಎಣಿಸುವ ಮೀಟರ್) ಒಂದು ಇಟ್ಟುಕೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೆಷಿನ್ ಪುಸ್ತಕದಲ್ಲಿ ಗರಿಷ್ಠ ಸ್ಪೀಡ್ ಬರೆದಿರುತ್ತದೆ. ಎಷ್ಟೋ ಮೆಷಿನ್‌ಗಳಿಗೆ ಅದು ನಿಮಿಷಕ್ಕೆ 12,000ದಿಂದ 14,000 ಸುತ್ತು. ನಿಮ್ಮದಕ್ಕೆ ಬರೆದಿದ್ದಕ್ಕಿಂತ 500 ಸುತ್ತು ಕೆಳಗೇ ನಿಲ್ಲಿಸಿ.

ಎಚ್ ಮುಟ್ಟಿದ ಮೇಲೆ ಎಲ್ ಸ್ವಲ್ಪ ಆಚೀಚೆ ಆಗುತ್ತದೆ. ಐಡ್ಲಿಂಗ್ ಮತ್ತೊಮ್ಮೆ ನೋಡಿ. ಒಂದು ಟ್ಯಾಂಕ್ ಕೆಲಸ ಮಾಡಿ ಪ್ಲಗ್ ಬಿಚ್ಚಿ. ಬಿಸ್ಕತ್ ಬಣ್ಣವಿದ್ದರೆ ಚೆನ್ನ. ಬಿಳುಪಾಗಿದ್ದರೆ ಎಚ್ ಇನ್ನೂ ಎಡಕ್ಕೆ. ಕಪ್ಪಗೆ ಒದ್ದೆ ಇದ್ದರೆ ಚೂರು ಬಲಕ್ಕೆ.

ಆಯಿಲ್, ಪೆಟ್ರೋಲ್, ಹವಾಮಾನ

ತೂತು ಹಾಕಿದ ಮೇಲೆ 'ಸೇಫ್ಟಿಗೆ' ಅಂತ ಪೆಟ್ರೋಲ್‌ಗೆ ಆಯಿಲ್ ಜಾಸ್ತಿ ಸುರಿಯುವವರಿದ್ದಾರೆ. ಇದರಿಂದ ಉಲ್ಟಾ ಆಗುತ್ತದೆ. ಆಯಿಲ್ ಜಾಸ್ತಿಯಾದಷ್ಟು ಅದೇ ಜೆಟ್‌ನಲ್ಲಿ ಪೆಟ್ರೋಲ್ ಪಾಲು ಕಮ್ಮಿಯಾಗುತ್ತದೆ. ಪುಸ್ತಕದಲ್ಲಿ ಇರುವ ಲೆಕ್ಕವೇ ಇರಲಿ: 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂದರೆ 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ಲೇ ಬೇಕು, ಬೈಕಿನ ಇಂಜಿನ್ ಆಯಿಲ್ ಅಲ್ಲ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್‌ಗೆ ಉರಿಯಲು ಗಾಳಿ ಕಮ್ಮಿ ಸಾಕು. ಹಾಗಾಗಿ ಹಳೆ ಸೆಟ್ಟಿಂಗ್‌ನಲ್ಲಿ ಮೆಷಿನ್ ಇನ್ನಷ್ಟು ಒಣಗಿ ಓಡುತ್ತದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ. ವಾರಕ್ಕೆ ಬೇಕಾಗುವಷ್ಟೇ ಕಲಸಿಡಿ.

ಹವಾಮಾನವನ್ನೂ ಮರೆಯಬೇಡಿ. ರಾಯಚೂರು, ಬಳ್ಳಾರಿಯಲ್ಲಿ ಮೇ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಮ್ಮಿ. ಆ ಬಿಸಿಲಿನಲ್ಲಿ ಸರಿಯಾಗಿ ಕೂರಿಸಿದ ಎಚ್, ಡಿಸೆಂಬರ್ ಬೆಳಗಿನ ಚಳಿಗೆ ಸಾಲುವುದಿಲ್ಲ. ಚಳಿಯ ಗಾಳಿ ದಟ್ಟ, ಅದಕ್ಕೆ ಪೆಟ್ರೋಲ್ ಜಾಸ್ತಿ ಬೇಕು. ದೀಪಾವಳಿ ಆದ ಮೇಲೆ ಒಮ್ಮೆ, ಯುಗಾದಿ ಹೊತ್ತಿಗೆ ಒಮ್ಮೆ ಟ್ಯೂನಿಂಗ್ ನೋಡಿಕೊಳ್ಳಿ.

ಕಿವಿಗೆ ಇಯರ್ ಮಫ್ ಇಲ್ಲದೆ ಈ ಮೆಷಿನ್ ಹಿಡಿಯಬೇಡಿ. ಸಾಮಾನ್ಯ ಚೈನ್ ಸಾ ಸದ್ದೇ ನಡೆಸುವವರ ಕಿವಿಯ ಹತ್ತಿರ 100 ಡೆಸಿಬಲ್ ದಾಟುತ್ತದೆ, ತೂತು ಹಾಕಿದ್ದು ಅದಕ್ಕೂ ಮೇಲೆ. ಹತ್ತಿ ತುರುಕಿಕೊಂಡರೆ ಸಾಲದು. ಪೆಟ್ರೋಲ್ ಖರ್ಚೂ ಸ್ವಲ್ಪ ಏರುತ್ತದೆ. ಊರೊಳಗೆ ಮನೆಗಳ ನಡುವೆ ಬೇವಿನ ಕೊಂಬೆ ಸವರುವ ಕೆಲಸವೇ ನಿಮ್ಮದಾದರೆ ಸೈಲೆನ್ಸರ್ ಹಾಗೇ ಇರಲಿ.

ಮೊದಲ ಟ್ಯಾಂಕ್ ಮುಗಿದು ಮೆಷಿನ್ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರ್ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿ. ಹೊಸ ಗ್ಯಾಸ್ಕೆಟ್ ಒತ್ತಿಕೊಂಡು ಅವು ಸಡಿಲವಾಗುತ್ತವೆ. ಎಚ್ ಎಷ್ಟು ಸುತ್ತಿಗೆ ನಿಂತಿದೆ ಅನ್ನುವುದನ್ನು ಏರ್ ಫಿಲ್ಟರ್ ಕವರ್ ಒಳಗೆ ಮಾರ್ಕರ್‌ನಿಂದ ಬರೆಯಿರಿ. ಮುಂದೆ ಬೇರೆ ಯಾರಾದರೂ ಕಾರ್ಬೊರೇಟರ್ ಬಿಚ್ಚಿದರೆ ಅವರಿಗೂ ಗೊತ್ತಾಗುತ್ತದೆ.