ಈಮ್ಯಾಕ್ಸ್‌ನ ಇನ್ಫೋ ಮೆನುವಿನ ಸಲಹೆಗಳನ್ನು ಅಧ್ಯಾಯಗಳ ಕ್ರಮದಲ್ಲಿಯೇ ಪಡೆಯುವ ಬಗೆ

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಕೈಪಿಡಿಗಳನ್ನು ಓದಲು ಇರುವ ಇನ್ಫೋದಲ್ಲಿ ಎಂ ಕೀಲಿಯನ್ನು ಒತ್ತಿ, ಏನನ್ನೂ ಟೈಪ್ ಮಾಡದೆ ಟ್ಯಾಬ್ ಒತ್ತಿದರೆ, ಆ ಪುಟದ ಮೆನುವಿನಲ್ಲಿರುವ ವಿಷಯಗಳು ಸಲಹೆಗಳಾಗಿ ಕಾಣಿಸುತ್ತವೆ. ಆದರೆ ಅವು ಸಾಮಾನ್ಯವಾಗಿ ಇಂಗ್ಲಿಷ್ ಅಕಾರಾದಿಯಲ್ಲಿ ಬರುತ್ತವೆ. ಈಮ್ಯಾಕ್ಸ್ ಕೈಪಿಡಿಯು ಪರದೆ, ಕೀಲಿಗಳು, ಕಮಾಂಡ್‌ಗಳು ಎಂದು ಹೊಸಬರಿಗೆ ಬೇಕಾದ ಕ್ರಮದಲ್ಲಿ ಸಾಗುತ್ತದೆ. ಅಕಾರಾದಿಯಲ್ಲಾದರೋ 'ಅಬ್ರೀವ್ಸ್', 'ಅಕ್ನಾಲೆಜ್‌ಮೆಂಟ್ಸ್' ಮೊದಲಾದವು ಮುಂದೆ ಬಂದು, ಮೊದಲು ಓದಬೇಕಾದ 'ಸ್ಕ್ರೀನ್' ಎಲ್ಲೋ ಹಿಂದೆ ಉಳಿಯುತ್ತದೆ. ಬರೆದವರು ಯೋಚಿಸಿ ಇಟ್ಟ ಕ್ರಮ ಕಲಿಯುವವರ ಕಣ್ಣಿಗೆ ಬೀಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೆನುವಿನ ವಿಷಯಗಳಿಗೆ ಹೋಗಲು ಇನ್ಫೋದಲ್ಲಿರುವ 1ರಿಂದ 9ರವರೆಗಿನ ಅಂಕಿ ಕೀಲಿಗಳು ಹೇಗೂ ಮೆನುವಿನ ಕ್ರಮವನ್ನೇ ಅನುಸರಿಸುತ್ತವೆ.

2023ರಲ್ಲಿ ಬಂದ 29ನೆಯ ಆವೃತ್ತಿಯಿಂದ 'ಕಂಪ್ಲೀಷನ್ಸ್-ಸಾರ್ಟ್' ಎಂಬ ಆಯ್ಕೆಯಿದೆ. ಮೆಟಾ-ಎಕ್ಸ್ (ಸಾಮಾನ್ಯವಾಗಿ ಆಲ್ಟ್ ಮತ್ತು ಎಕ್ಸ್ ಕೀಲಿಗಳು) ಒತ್ತಿ 'ಕಸ್ಟಮೈಸ್-ವೇರಿಯಬಲ್' ಕಮಾಂಡ್‌ನ ಮೂಲಕ ಅದನ್ನು ತೆರೆದು, ಬೆಲೆಯನ್ನು 'ನಿಲ್' ಎಂದು ಬದಲಿಸಿದರೆ ವಿಂಗಡಣೆ ನಿಲ್ಲುತ್ತದೆ. ಪರೀಕ್ಷಿಸಿ ನೋಡಲು ಇಷ್ಟು ಸಾಕು, ಆದರೆ ಇದನ್ನೇ ಕಾಯಂ ಮಾಡಬೇಡಿ. ಏಕೆಂದರೆ ಕಮಾಂಡ್‌ಗಳ ಹೆಸರುಗಳೂ ಸೇರಿದಂತೆ, ತಮ್ಮದೇ ವಿಂಗಡಣೆಯಿಲ್ಲದ ಎಲ್ಲ ಪಟ್ಟಿಗಳೂ ಆಗ ಅಕಾರಾದಿಯನ್ನು ಕಳೆದುಕೊಳ್ಳುತ್ತವೆ. ಇನ್ಫೋದ ಹುಕ್‌ನಲ್ಲಿ, ಎಂದರೆ ಇನ್ಫೋ ತೆರೆದಾಗ ತಾನಾಗಿ ನಡೆಯುವ ಸೂಚನೆಗಳಲ್ಲಿ, ಈ ಬೆಲೆಯನ್ನು ಇನ್ಫೋದ ಬಫರ್‌ಗೆ (ಪಠ್ಯವಿರುವ ಜಾಗಕ್ಕೆ) ಮಾತ್ರ ಹೊಂದಿಸಿದರೆ ಸಾಕೆಂದು ತೋರಬಹುದು. ಸಲಹೆಗಳ ಪಟ್ಟಿ ಸಿದ್ಧವಾಗುವಾಗ ಚಾಲ್ತಿಯಲ್ಲಿರುವುದು ಇನ್ಫೋ ಬಫರ್ ಅಲ್ಲವಾದ್ದರಿಂದ ಅದು ಫಲಿಸುವುದಿಲ್ಲ.

2025ರಲ್ಲಿ ಬಿಡುಗಡೆಯಾದ 30.1ನೆಯ ಆವೃತ್ತಿ ನಿಮ್ಮಲ್ಲಿದ್ದರೆ ದಾರಿ ಸುಲಭ. ಇನ್ಫೋ ಮೆನುವಿನ ಸಲಹೆಗಳು 'ಇನ್ಫೋ-ಮೆನು' ಎಂಬ ವರ್ಗಕ್ಕೆ ಸೇರಿವೆ. ಈಮ್ಯಾಕ್ಸ್ ಶುರುವಾಗುವಾಗ ಓದುವ ನಿಮ್ಮ ಇನಿಟ್ ಫೈಲ್‌ನಲ್ಲಿ 'ಕಂಪ್ಲೀಷನ್-ಕ್ಯಾಟಗರಿ-ಓವರ್‌ರೈಡ್ಸ್' ಪಟ್ಟಿಗೆ ಈ ವರ್ಗದ ಹೆಸರಿನಲ್ಲಿ ಒಂದು ನಮೂದು ಸೇರಿಸಿ, ಅದರೊಳಗೆ 'ಡಿಸ್‌ಪ್ಲೇ-ಸಾರ್ಟ್-ಫಂಕ್ಷನ್' ಎಂಬ ಗುಣಕ್ಕೆ 'ಐಡೆಂಟಿಟಿ' ಎಂಬ ಫಂಕ್ಷನ್ನಿನ ಹೆಸರನ್ನು ಕೊಡಿ. ಇಲ್ಲಿ 'ನಿಲ್' ಬರೆದರೆ ಮತ್ತೆ 'ಕಂಪ್ಲೀಷನ್ಸ್-ಸಾರ್ಟ್' ಹೇಳಿದ ಕ್ರಮಕ್ಕೇ ಮರಳುತ್ತದೆ; ಬಂದ ಪಟ್ಟಿಯನ್ನು ಇದ್ದ ಹಾಗೆಯೇ ಬಿಡಲು 'ಐಡೆಂಟಿಟಿ'ಯೇ ಬೇಕು. ಈಗ ಕೈಪಿಡಿಯ ಮೊದಲ ಪುಟದಲ್ಲಿ ಎಂ ಮತ್ತು ಟ್ಯಾಬ್ ಒತ್ತಿ, ಪಟ್ಟಿಯನ್ನು ಮೆನುವಿನೊಡನೆ ಹೋಲಿಸಿ. ಕೊನೆಯ ವಿಷಯ ಮೊದಲು ಬಂದಿದ್ದರೆ, ಮೆನುವನ್ನು ಓದುವಾಗ ಹೆಸರುಗಳು ಹಿಮ್ಮುಖವಾಗಿ ಕೂಡಿಕೊಂಡಿವೆ ಎಂದರ್ಥ. ಆಗ 'ಐಡೆಂಟಿಟಿ'ಯ ಜಾಗದಲ್ಲಿ 'ರಿವರ್ಸ್' ಎಂದು ಬರೆಯಿರಿ.

ಸಲಹೆಗಳು ರೂಢಿಯಂತೆ ಅಡ್ಡಸಾಲುಗಳಲ್ಲಿ ಬರುವುದರಿಂದ ಕ್ರಮ ಸರಿಯಿದ್ದರೂ ಓದುವಾಗ ಗೊಂದಲವಾಗಬಹುದು. 'ಕಂಪ್ಲೀಷನ್ಸ್-ಫಾರ್ಮ್ಯಾಟ್' ಆಯ್ಕೆಯನ್ನು 'ಒನ್-ಕಾಲಮ್' ಮಾಡಿದರೆ ಒಂದರ ಕೆಳಗೊಂದು ಬರುತ್ತವೆ. ಸಲಹೆಗಳನ್ನು ಒಂದರ ಕೆಳಗೊಂದು ತೋರಿಸುವ ವರ್ಟಿಕೋ ಪ್ಯಾಕೇಜ್ ಬಳಸುವವರಿಗೆ ಇದು ಬೇಕಿಲ್ಲ.

ಐ ಕೀಲಿಯಿಂದ ನಡೆಸುವ ಪದಸೂಚಿಯ ಹುಡುಕಾಟವೂ ಇದೇ ವರ್ಗವನ್ನು ಬಳಸುತ್ತದೆಯಾದ್ದರಿಂದ, ಮೇಲಿನ ಬದಲಾವಣೆ ಅದಕ್ಕೂ ತಗಲುತ್ತದೆ. ಈಮ್ಯಾಕ್ಸ್ ಕೈಪಿಡಿಯಲ್ಲಿ ಕೀಲಿ, ಕಮಾಂಡ್, ವೇರಿಯಬಲ್, ಪರಿಕಲ್ಪನೆ ಎಂದು ಹಲವು ಸೂಚಿಗಳಿರುವುದರಿಂದ ಅಲ್ಲಿನ ಸಲಹೆಗಳು ಒಂದೇ ಅಕಾರಾದಿಯಾಗಿ ಉಳಿಯುವುದಿಲ್ಲ. ಪದದ ಮೊದಲ ಮೂರು ನಾಲ್ಕು ಅಕ್ಷರಗಳನ್ನು ಟೈಪ್ ಮಾಡಿದ ಮೇಲೆಯೇ ಟ್ಯಾಬ್ ಒತ್ತುವವರಿಗೆ ಇದರಿಂದ ತೊಂದರೆಯಿಲ್ಲ. ಸೂಚಿಯನ್ನು ಸಲಹೆಗಳ ಪಟ್ಟಿಯಲ್ಲೇ ಹುಡುಕುವವರು ಈ ನಮೂದನ್ನು ಸೇರಿಸದಿರುವುದೇ ಒಳ್ಳೆಯದು.