ಪೇಟೆ ರಸ್ತೆ ಮರುಡಾಂಬರೀಕರಣ: ಮಡಿಕೇರಿಯ ಮಳೆಗೆ ಮೊದಲು ಕಾಮಗಾರಿ ಮುಗಿಸಿ ಒಪ್ಪಿಸುವ ಕ್ರಮ

ಡಾಂಬರು ಹಾಕಿ ರೋಲರ್ ವಾಪಸ್ ಹೋದರೆ ಜನರ ಕಣ್ಣಿಗೆ ರಸ್ತೆ ಮುಗಿಯಿತು. ಗುತ್ತಿಗೆದಾರನಿಗೂ ನಗರಸಭೆಯ ಎಂಜಿನಿಯರ್‌ಗೂ ನಿಜವಾದ ಕೆಲಸದ ಕೊನೆಯ ಭಾಗ ಶುರುವಾಗುವುದೇ ಆಗ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಈ ಭಾಗವನ್ನು ಅವಸರದಲ್ಲಿ ಮುಗಿಸಿದರೆ ಜುಲೈನಲ್ಲಿ ಅದೇ ರಸ್ತೆಗೆ ಜಲ್ಲಿಪುಡಿ ಸುರಿಯಬೇಕಾಗುತ್ತದೆ.

ಮೊದಲು ದಿನಗಳ ಲೆಕ್ಕ. ಇಲ್ಲಿ ಡಾಂಬರು ಕೆಲಸಕ್ಕೆ ನಂಬಬಹುದಾದ ಕಾಲ ಡಿಸೆಂಬರ್‌ನಿಂದ ಮಾರ್ಚ್ ಅಷ್ಟೇ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಬೇಕಾದ ಹೂಮಳೆ ಬಂದರೆ ತೋಟದವರಿಗೆ ಸಂತೋಷ, ಡಾಂಬರು ಹಾಸುವ ಯಂತ್ರವಾದ ಪೇವರ್‌ಗೆ ರಜೆ. ಹಾಗಾಗಿ ಮೇಲ್ಪದರ ಮಾರ್ಚ್ ಒಳಗೆ, ಚೇಂಬರ್ (ರಸ್ತೆಯಡಿಯ ಒಳಚರಂಡಿ ಗುಂಡಿ), ಚರಂಡಿ ಮತ್ತು ದುರಸ್ತಿ ಏಪ್ರಿಲ್‌ನಲ್ಲಿ, ಜಂಟಿ ತಪಾಸಣೆ ಮೇ ಮೊದಲ ವಾರ ಎಂದು ಇಟ್ಟುಕೊಳ್ಳಿ. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕೆಂಬ ಒತ್ತಡ ಇದ್ದೇ ಇರುತ್ತದೆ. ಅದಕ್ಕೆ ದಾರಿ, ಅಲ್ಲಿಯವರೆಗೆ ಆದ ಕೆಲಸಕ್ಕೆ ಚಾಲ್ತಿ ಬಿಲ್ ಮಾಡುವುದು. ಚೇಂಬರ್ ತಗ್ಗಿನಲ್ಲೇ ಇರುವಾಗ ಅಂತಿಮ ಬಿಲ್ ಬರೆದರೆ ಆಮೇಲೆ ಯಾರನ್ನು ಕರೆದರೂ ಬರುವುದಿಲ್ಲ.

ಟನ್ ಲೆಕ್ಕ ಮತ್ತು ಕೋರ್

ಕಾಗದದ ಮೇಲಿನ ದಪ್ಪ ರಸ್ತೆಯಲ್ಲಿ ಇದೆಯೇ ಎಂದು ತಿಳಿಯಲು ಎರಡು ದಾರಿಗಳಿವೆ, ಎರಡನ್ನೂ ಬಳಸಿ. ಒಂದು ತೂಕ. 800 ಮೀ. ಉದ್ದ, 6 ಮೀ. ಅಗಲದ ರಸ್ತೆಗೆ 40 ಮಿ.ಮೀ. ಬಿಟುಮಿನಸ್ ಕಾಂಕ್ರೀಟ್ (ಜಲ್ಲಿ, ಡಾಂಬರಿನ ಬಿಸಿ ಮಿಶ್ರಣ) ಎಂದರೆ 192 ಘನ ಮೀಟರ್. ಹಾಸಿದ ಪದರದ ಸಾಂದ್ರತೆ ಘನ ಮೀಟರ್‌ಗೆ 2.31 ಟನ್ ಎಂದು ಹಿಡಿದರೆ ಸುಮಾರು 443 ಟನ್ ಮಿಶ್ರಣ ಬಂದಿರಬೇಕು. ಟಿಪ್ಪರ್‌ಗಳ ತೂಕದ ಚೀಟಿ ಕೂಡಿಸಿದಾಗ 390 ಟನ್ ಮಾತ್ರ ಸಿಕ್ಕಿದರೆ ಸರಾಸರಿ ದಪ್ಪ 35 ಮಿ.ಮೀ. ಆಸುಪಾಸು. ಅಳತೆ ಪುಸ್ತಕದಲ್ಲಿ 40 ಎಂದು ಬರೆಯುವ ಮೊದಲೇ ಇದನ್ನು ಕೇಳಬೇಕು. ಡಾಂಬರಿನ ಲೆಕ್ಕವೂ ಹೀಗೆಯೇ: ಮಿಶ್ರಣದ ತೂಕದಲ್ಲಿ 5.4% ಎಂದಾದರೆ 443 ಟನ್‌ಗೆ ಸುಮಾರು 24 ಟನ್. ರಿಫೈನರಿಯ ಇನ್‌ವಾಯ್ಸ್‌ಗಳನ್ನು ಇದಕ್ಕೆ ತಾಳೆ ನೋಡಿ, ಪ್ರತಿಗಳನ್ನು ಕಡತಕ್ಕೆ ಹಾಕಿ.

ಇನ್ನೊಂದು ಕೋರ್, ಅಂದರೆ ಹಾಸಿದ ಪದರದಿಂದ ಕೊರೆದು ತೆಗೆಯುವ ಉರುಳೆಯಾಕಾರದ ತುಂಡು. ಎಲ್ಲಿ ಕೊರೆಯಬೇಕೆಂದು ಗುತ್ತಿಗೆದಾರ ತೋರಿಸುವುದು ಬೇಡ. ಎಂಜಿನಿಯರ್ ಚೈನೇಜ್ (ರಸ್ತೆಯ ಆರಂಭದಿಂದ ಅಳೆದ ದೂರ) ಬರೆದುಕೊಟ್ಟು, ಎಡ, ಬಲ, ನಡುವೆ ಎಂದು ಹಂಚಿ ತೆಗೆಸಬೇಕು. ಜಾಯಿಂಟ್ (ಎರಡು ಹಾಸುಗಳು ಸೇರುವ ಗೆರೆ) ಹತ್ತಿರವೂ, ಏರಿನಲ್ಲೂ ಒಂದೊಂದು ಇರಲಿ, ರೋಲಿಂಗ್ ಕಡಿಮೆಯಾಗುವುದು ಅಲ್ಲೇ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2013ರ ನಿರ್ದಿಷ್ಟತೆಯಂತೆ ಹಾಸಿದ ಪದರದ ಸಾಂದ್ರತೆ ಮಿಶ್ರಣದ ಗರಿಷ್ಠ ಸೈದ್ಧಾಂತಿಕ ಸಾಂದ್ರತೆಯ (ಒಳಗೆ ಗಾಳಿಯೇ ಇಲ್ಲದಿದ್ದರೆ ಬರುವ ಸಾಂದ್ರತೆಯ) 92%ಕ್ಕಿಂತ ಕಡಿಮೆ ಇರಬಾರದು. ಗರಿಷ್ಠ 2.48 ಇದ್ದು ಕೋರ್ 2.31 ಬಂದರೆ 93.1%, ಪಾಸ್. 2.26 ಬಂದರೆ 91.1%, ಆ ತುಂಡು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಜಲ್ಲಿಯಿಂದ ಡಾಂಬರು ಬಿಟ್ಟುಹೋಗುತ್ತದೆ.

ಕೋರ್ ಕಡಿಮೆ ಬಂದ ಕಡೆ ಆ ದಿನದ ಉಷ್ಣಾಂಶದ ದಾಖಲೆ ತೆರೆದು ನೋಡಿ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ, ರೋಲಿಂಗ್ ಮಾಡುವಾಗ ಕನಿಷ್ಠ 90 ಡಿಗ್ರಿ ಇರಬೇಕು. ಕುಶಾಲನಗರ ಕಡೆಯಿಂದ 30 ಕಿ.ಮೀ. ಏರಿ ಬಂದ ಟಿಪ್ಪರ್, ಟಾರ್ಪಾಲು ಸರಿಯಾಗಿ ಮುಚ್ಚದೆ, ಮಂಜು ಬಿದ್ದ ಬೆಳಿಗ್ಗೆ ಪೇಟೆಯ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತರೆ ಮಿಶ್ರಣ ಅಷ್ಟು ಬಿಸಿಯಾಗಿ ಉಳಿಯುವುದು ಕಷ್ಟ. ದಾಖಲೆಯಲ್ಲಿ ಎಲ್ಲ ಲೋಡ್‌ಗಳಿಗೂ ಒಂದೇ ಅಂಕಿ ಇದ್ದರೆ ಯಾರೂ ಥರ್ಮಾಮೀಟರ್ ಹಾಕಿಲ್ಲವೆಂದೇ ಅನುಮಾನಿಸಬೇಕು.

ಕೋರ್ ತೆಗೆದ ತೂತನ್ನು ಅಂದೇ ಮುಚ್ಚಿಸಿ. ಬಟ್ಟೆಯಿಂದ ನೀರು ಒರೆಸಿ, ಬದಿಗೆ ಎಮಲ್ಷನ್ (ನೀರಿನಲ್ಲಿ ಕದಡಿದ ಡಾಂಬರು) ಹಚ್ಚಿ, ಮಿಶ್ರಣವನ್ನು ಎರಡು ಪದರದಲ್ಲಿ ತುಂಬಿ, ಪ್ರತಿ ಪದರಕ್ಕೂ ದಮ್ಮಸು ಮಾಡಬೇಕು. ಮಣ್ಣು ತುಂಬಿ ಮೇಲೆ ಒಂದಿಷ್ಟು ಡಾಂಬರು ಸವರಿದ ತೂತುಗಳೇ ಆಗಸ್ಟ್ ಹೊತ್ತಿಗೆ ಗುಂಡಿಗಳಾಗುತ್ತವೆ. ಪರೀಕ್ಷೆ ಮಾಡಿದ ಜಾಗದಿಂದಲೇ ರಸ್ತೆ ಹಾಳಾಗುವುದಕ್ಕಿಂತ ಬೇಸರದ ಸಂಗತಿ ಇಲ್ಲ.

ನೀರು ಬಿಟ್ಟು ನೋಡುವುದು

ತಪಾಸಣೆಗೆ ಹೋಗುವಾಗ 5000 ಲೀಟರ್ ಟ್ಯಾಂಕರ್ ಒಂದನ್ನು ಕರೆಸಿ. ಏರಿನ ತಲೆಯಿಂದ ನೀರು ಬಿಡುತ್ತಾ ಬನ್ನಿ, 20 ನಿಮಿಷ ಕಾದು ನಿಂತ ನೀರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಸ್ಟೀಲ್ ಸ್ಕೇಲ್ ಇಟ್ಟು ಆಳ ಬರೆಯಿರಿ. 5 ಮಿ.ಮೀ.ಗಿಂತ ಹೆಚ್ಚು ನಿಂತ ಜಾಗವೆಲ್ಲ ದುರಸ್ತಿ ಪಟ್ಟಿಗೆ. ಮೂರು ಮೀಟರ್ ಉದ್ದದ ನೇರ ಅಳತೆಪಟ್ಟಿಯನ್ನು ರಸ್ತೆಯ ಉದ್ದಕ್ಕೆ ಇಟ್ಟು ತಗ್ಗುದಿಣ್ಣೆ ನೋಡುವುದು ಹೇಗೂ ಇದೆ, ಆದರೆ ಅಡ್ಡ ಇಳಿಜಾರು ತಪ್ಪಿದ್ದನ್ನು ನೀರಿನಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ. ಇಲ್ಲಿನ ಮಳೆಗೆ ನಡುವಿನಿಂದ ಅಂಚಿಗೆ 2.5% ಇಳಿಜಾರು ಬೇಕು, ಅಂದರೆ 3 ಮೀ. ಅರ್ಧ ಅಗಲಕ್ಕೆ 75 ಮಿ.ಮೀ.

ಅಂಚಿಗೆ ಬಂದ ನೀರು ಚರಂಡಿಗೆ ಇಳಿಯುತ್ತದೆಯೇ? ಹಳೆಯ ಪದರ ಕೀಳದೆ ಮೇಲೆ ಮೇಲೆ ಹಾಕಿದ ರಸ್ತೆಗಳಲ್ಲಿ ಅಂಗಡಿ ಬಾಗಿಲಿಗಿಂತ ರಸ್ತೆಯೇ ಎತ್ತರ. ಕರ್ಬ್ ಕಲ್ಲಿನ ನಡುವೆ ನೀರು ಇಳಿಯಲು ಬಿಟ್ಟ ಕಿಂಡಿ ಡಾಂಬರು ತುಂಬಿ ಮುಚ್ಚಿಹೋಗಿರುವುದೂ ಸಾಮಾನ್ಯ. ಒಂದೊಂದು ಕಿಂಡಿಗೂ ಕೈ ಹಾಕಿ ನೋಡಿ. ಚರಂಡಿಯ ಚಪ್ಪಡಿ ಎತ್ತಿಸಿ ಹೂಳು, ಸಿಮೆಂಟ್ ಗಟ್ಟಿ, ಮುರಿದ ಕಲ್ಲು ತೆಗೆಸಿ. ಮೋರಿಯ ಎರಡೂ ಬಾಯಿ ಟಾರ್ಚ್ ಹಾಕಿ ನೋಡಿ.

ಬರೆಯ (ಕಡಿದ ಗುಡ್ಡದ ಇಳಿಜಾರಿನ) ಪಕ್ಕದ ರಸ್ತೆಗೆ ಇನ್ನೂ ಒಂದು ಕೆಲಸ ಇದೆ. ಜೂನ್ ಕೊನೆಯ ಹೊತ್ತಿಗೆ ಬೆಟ್ಟದೊಳಗಿನ ಒರತೆ ಎದ್ದು ರಸ್ತೆಯ ಅಡಿಯಿಂದಲೇ ನೀರು ಬರುತ್ತದೆ. ಮೇಲಿನಿಂದ ಎಷ್ಟು ಒಳ್ಳೆಯ ಪದರ ಹಾಕಿದರೂ ಅದು ಉಬ್ಬಿ ಬಿರಿಯುತ್ತದೆ. ಮೇಲ್ಬದಿಯ ಚರಂಡಿ ರಸ್ತೆಯ ಜಲ್ಲಿ ಪದರಕ್ಕಿಂತ ಆಳವಾಗಿದೆಯೇ, ತಡೆಗೋಡೆಯಿಂದ ನೀರು ಹೊರಹೋಗುವ ಪೈಪುಗಳು ತೆರೆದಿವೆಯೇ, ಗೋಡೆಯ ಹಿಂದೆ ಜಲ್ಲಿ ತುಂಬಿದ ಫೋಟೋ ಕಡತದಲ್ಲಿದೆಯೇ ಎಂದು ನೋಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಸಹಿ ಹಾಕಲಾಗದು.

ಚೇಂಬರ್

ಪೇಟೆ ರಸ್ತೆಯಲ್ಲಿ ಹೆಚ್ಚು ದೂರು ಬರುವುದು ಇದರ ಬಗ್ಗೆಯೇ. 40 ಮಿ.ಮೀ. ಹೊಸ ಪದರ ಬಂದರೆ ಒಳಚರಂಡಿ ಚೇಂಬರ್ ಮತ್ತು ನೀರಿನ ವಾಲ್ವ್ ಪೆಟ್ಟಿಗೆ ಅಷ್ಟು ತಗ್ಗಿಗೆ ಬೀಳುತ್ತವೆ. ಚೌಕಟ್ಟಿನ ಸುತ್ತ 300 ಮಿ.ಮೀ. ಬಿಟ್ಟು ಕಟರ್‌ನಿಂದ ಚೌಕವಾಗಿ ಕತ್ತರಿಸಿ, ಒಳಗಿನದನ್ನು ಒಡೆದು ಚೌಕಟ್ಟು ಎತ್ತಿಸಿ. ರಸ್ತೆಯ ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟಿ ಚೌಕಟ್ಟನ್ನು ರಸ್ತೆಯ ಇಳಿಜಾರಿಗೆ ಹೊಂದುವಂತೆ ಓರೆಯಾಗಿಯೇ ಕೂರಿಸಬೇಕು. ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿದರೆ ಇಳಿಜಾರಿನ ಊರಿನಲ್ಲಿ ಒಂದು ಅಂಚು ಎದ್ದು ನಿಲ್ಲುತ್ತದೆ. ಕೆಳಗೆ ಕನಿಷ್ಠ ಎಂ-30 ದರ್ಜೆಯ ಕಾಂಕ್ರೀಟ್, ಮೇಲಿನ 40 ಮಿ.ಮೀ.ಗೆ ಡಾಂಬರು ಮಿಶ್ರಣ, ಕತ್ತರಿಸಿದ ಅಂಚಿಗೆ ಬಿಸಿ ಡಾಂಬರು. ಏಳು ದಿನ ಬ್ಯಾರಿಕೇಡ್ ತೆಗೆಯಬೇಡಿ. ಇಟ್ಟಿಗೆ ಚೂರು ಕೊಟ್ಟು, ಗಾರೆ ಮೆತ್ತಿ, ಮರುದಿನವೇ ಬಸ್ಸು ಬಿಟ್ಟ ಚೇಂಬರ್‌ಗಳು ಮೊದಲ ತಿಂಗಳಲ್ಲೇ ಕುಣಿಯುತ್ತವೆ.

ರಸ್ತೆ ಗುರುತಿಗೆ ಹೆಚ್ಚು ಹೇಳಬೇಕಿಲ್ಲ: ಥರ್ಮೋಪ್ಲಾಸ್ಟಿಕ್ (ಬಿಸಿ ಮಾಡಿ ಹಚ್ಚುವ ಬಣ್ಣ) 2.5 ಮಿ.ಮೀ., ಗಾಜಿನ ಮಣಿ ಉದುರಿಸಿರಬೇಕು, ಒದ್ದೆ ರಸ್ತೆಗೆ ಹಚ್ಚಬಾರದು. ರಾತ್ರಿ ಹೆಡ್‌ಲೈಟ್‌ನಲ್ಲಿ ಒಮ್ಮೆ ನೋಡಿ. ಮಂಜಿನಲ್ಲಿ ಚಾಲಕನಿಗೆ ಸಿಗುವ ಆಧಾರ ಅದೇ.

ಪಟ್ಟಿ, ಬಿಲ್, ಹೊಣೆಗಾರಿಕೆ ಅವಧಿ

ದುರಸ್ತಿ ಪಟ್ಟಿಯಲ್ಲಿ ‘ಚೇಂಬರ್ ಸರಿಪಡಿಸುವುದು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಚೈನೇಜ್ 340 ಮೀ., ಎಡಬದಿ, ಚೇಂಬರ್ 12 ಮಿ.ಮೀ. ತಗ್ಗು, ಮೇ 20ರೊಳಗೆ’ ಎಂದು ಬರೆದು, ಫೋಟೋ ಅಂಟಿಸಿ, ಇಬ್ಬರ ಸಹಿ ಹಾಕಿಸಿ. ವಾರ್ಡ್ ಸದಸ್ಯರನ್ನೂ ನಾಲ್ಕೈದು ಅಂಗಡಿಯವರನ್ನೂ ತಪಾಸಣೆಗೆ ಕರೆಯಿರಿ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆಂದು ಅವರಿಗೆ ನಕ್ಷೆಗಿಂತ ಚೆನ್ನಾಗಿ ಗೊತ್ತು.

ಅಂತಿಮ ಬಿಲ್‌ಗೆ ಮೊದಲು ಹೆಚ್ಚುವರಿ ಐಟಂ ಮತ್ತು ಪ್ರಮಾಣದ ಏರುಪೇರಿಗೆ ಮಂಜೂರಾತಿ ಸಿಕ್ಕಿರಬೇಕು; ಎಷ್ಟೋ ಕಡತ ಇಲ್ಲೇ ಕೂರುತ್ತವೆ. ಆದಾಯ ತೆರಿಗೆ ಕಡಿತ, ಒಪ್ಪಂದ 2.5 ಲಕ್ಷ ಮೀರಿದ್ದರೆ 2% ಜಿಎಸ್‌ಟಿ ಟಿಡಿಎಸ್, 1% ಕಾರ್ಮಿಕ ಸೆಸ್, ಜಲ್ಲಿ ಮರಳಿನ ರಾಜಧನದ ರಸೀದಿ ಎಲ್ಲವೂ ಒಂದೇ ಹಾಳೆಯಲ್ಲಿ ಕಾಣುವಂತಿರಲಿ.

ಜೊತೆಗೆ ಕೆಲಸ ನಿಜವಾಗಿ ಆದಂತೆ ತೋರಿಸುವ ನಕ್ಷೆ ಬೇಕು: ಪ್ರತಿ ಪೈಪು, ಕೇಬಲ್, ಚೇಂಬರ್ ಎಷ್ಟು ಆಳ, ಮೋರಿ ಕಟ್ಟೆಯ ಮೂಲೆಯಂಥ ಕದಲದ ಗುರುತಿನಿಂದ ಎಷ್ಟು ದೂರ ಎಂಬುದರ ಸಹಿತ. ಅದರ ಪ್ರತಿ ನೀರು ಸರಬರಾಜು ವಿಭಾಗಕ್ಕೂ ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ಗೂ ಹೋಗಲಿ, ಅನುಮತಿಯಿಲ್ಲದೆ ಅಗೆಯಬಾರದೆಂಬ ಪತ್ರದೊಂದಿಗೆ. ದಸರೆಯ ಚಪ್ಪರ, ದೀಪಾಲಂಕಾರದ ಕಂಬಕ್ಕೆ ಹೊಸ ಡಾಂಬರಿಗೆ ಗೂಟ ಹೊಡೆಯುವುದನ್ನು ತಡೆಯಬೇಕೆಂದರೆ ಚರಂಡಿ ಅಂಚಿನಲ್ಲಿ ಮುಚ್ಚಳವಿರುವ ಪೈಪು ತೂತುಗಳನ್ನು ಈಗಲೇ ಕೂರಿಸಿಬಿಡಿ.

ರಸ್ತೆಯ ದೋಷವನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಹೊಣೆಗಾರಿಕೆ ಅವಧಿ ಕಾರ್ಯಪೂರ್ಣತಾ ಪತ್ರದ ದಿನಾಂಕದಿಂದ ಶುರು. ಪಟ್ಟಿಯ ಕೊನೆಯ ಕೆಲಸ ಮುಗಿದ ದಿನವನ್ನೇ ಅದರಲ್ಲಿ ಹಾಕಿ. ಬ್ಯಾಂಕ್ ಗ್ಯಾರಂಟಿ ಈ ಅವಧಿಗಿಂತ ಒಂದೆರಡು ತಿಂಗಳು ಹೆಚ್ಚು ಚಾಲ್ತಿಯಲ್ಲಿರಬೇಕು. ಪ್ರತಿ ವರ್ಷ ಮೇ ತಿಂಗಳಲ್ಲೊಮ್ಮೆ, ಮಳೆ ತಗ್ಗುವ ಕಾವೇರಿ ಸಂಕ್ರಮಣದ ಹೊತ್ತಿಗೆ ಇನ್ನೊಮ್ಮೆ ರಸ್ತೆಯುದ್ದಕ್ಕೂ ನಡೆದು ದೋಷಗಳನ್ನು ಲಿಖಿತವಾಗಿ ತಿಳಿಸಿ. ಅವಧಿ ಮಾರ್ಚ್‌ನಲ್ಲಿ ಮುಗಿಯುವುದಾದರೆ ಹಿಂದಿನ ಅಕ್ಟೋಬರ್‌ನ ನೋಟಿಸೇ ಕೊನೆಯ ಅವಕಾಶ ಎಂದು ತಿಳಿಯಿರಿ, ಏಕೆಂದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಮಾಡಿದರೆ ಮಾತ್ರ ಆ ದುರಸ್ತಿ ಬಾಳುತ್ತದೆ. ಆ ದುರಸ್ತಿಯಾಗಿ, ಅಳತೆಯಾಗಿ, ಎಂಜಿನಿಯರ್ ವರದಿ ಬಂದ ಮೇಲೆಯೇ ಠೇವಣಿ ಬಿಡುಗಡೆ.